ಒಂದೇ ಆಟದಲ್ಲಿ ತೀರ್ಮಾನವಾಗುವ ಪ್ರಶಸ್ತಿ

ಪ್ರಶ್ನೆ: ಅಮೆರಿಕದ ಮಹಿಳಾ ವೃತ್ತಿಪರ ಬೌಲಿಂಗ್‌ನಲ್ಲಿ ಋತುವಿನ ಕೊನೆಗೆ ನಡೆಯುವ ಟೂರ್ ಚಾಂಪಿಯನ್‌ಶಿಪ್‌ನ ಅಂತಿಮ ಹಂತದಲ್ಲಿ ಅಗ್ರಸ್ಥಾನದ ಆಟಗಾರ್ತಿ ಒಂದೇ ಪಂದ್ಯವಾಡುವುದು ನ್ಯಾಯವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲಿ ಬೌಲಿಂಗ್ ಎಂದರೆ ಕ್ರಿಕೆಟ್ಟಿನದಲ್ಲ, 60 ಅಡಿ ದೂರದ ಹತ್ತು ಪಿನ್ನುಗಳನ್ನು ಚೆಂಡುರುಳಿಸಿ ಬೀಳಿಸುವ ಆಟ. ಈ ಪ್ರವಾಸಿ ಸರಣಿಗಳ ಅಂತಿಮ ಹಂತ ಸಾಮಾನ್ಯವಾಗಿ ಏಣಿಯ ಮಾದರಿಯದು: ಐದನೆಯ ಶ್ರೇಯಾಂಕದವರು ನಾಲ್ಕನೆಯವರನ್ನು ಎದುರಿಸುತ್ತಾರೆ, ಗೆದ್ದವರು ಮೂರನೆಯವರನ್ನು, ಹೀಗೆ ಏರುತ್ತ ಕೊನೆಗೆ ಮೊದಲನೆಯವರನ್ನು. ಪ್ರಾಥಮಿಕ ಸುತ್ತುಗಳ ಶ್ರಮಕ್ಕೆ ಸಿಗುವ ಫಲವೇ ಈ ನೇರ ಪ್ರವೇಶ. ಆದರೆ ಅಂಕಣಕ್ಕೆ ಹಚ್ಚಿದ ಎಣ್ಣೆ ಪ್ರತಿ ಎಸೆತಕ್ಕೂ ಸವೆದು, ಚೆಂಡು ತಿರುಗುವ ಜಾಗ ಬದಲಾಗುತ್ತ ಹೋಗುವುದರಿಂದ, ಕೆಳಗಿನಿಂದ ಏರಿಬಂದವರಿಗೆ ಆ ಬದಲಾವಣೆಯ ಅರಿವು ಕೈಗೆ ಹತ್ತಿರುತ್ತದೆ. ಕಾದು ಕುಳಿತವರು ಅದನ್ನು ಕೆಲವೇ ಎಸೆತಗಳಲ್ಲಿ ಗ್ರಹಿಸಬೇಕು. ದೀರ್ಘಕಾಲದ ಸ್ಥಿರತೆಯನ್ನು ಒಂದೇ ಆಟ ಅಳೆಯಲಾರದು ಎಂಬ, ನಿಮ್ಮ ಪ್ರಶ್ನೆಯಲ್ಲಿ ಅಡಗಿರುವ ಆಕ್ಷೇಪ ನನಗೂ ಸರಿಯೆನಿಸುತ್ತದೆ. ವರ್ಷದ ಆಟಗಾರ್ತಿ ಗೌರವ ಪ್ರತ್ಯೇಕವಾಗಿರುವುದು ಇದಕ್ಕೆ ತಕ್ಕ ಪರಿಹಾರ. ಲಿಜ್ ಜಾನ್ಸನ್ 2015ರಿಂದ 2017ರವರೆಗೆ ಸತತ ಮೂರು ಬಾರಿ ಅದನ್ನು ಪಡೆದರು. 2003ರಲ್ಲಿ ನಿಂತುಹೋಗಿದ್ದ ಈ ಮಹಿಳಾ ವೃತ್ತಿಪರ ಸರಣಿ 2015ರಲ್ಲಷ್ಟೇ ಮರುಜೀವ ಪಡೆದಿತ್ತು.