ತಾತನ ಸೂಪರ್ 8 ಪ್ರೊಜೆಕ್ಟರಿಗೆ ಎಲ್‌ಇಡಿ ಹಾಕಬಹುದೇ?

ತಾತನ ಸೂಪರ್ 8 (ಮನೆಮಂದಿ ಸಿನಿಮಾ ತೆಗೆಯುತ್ತಿದ್ದ 8 ಮಿ.ಮೀ. ಅಗಲದ ಫಿಲ್ಮು) ಪ್ರೊಜೆಕ್ಟರಿನ 12 ವೋಲ್ಟ್, 100 ವ್ಯಾಟ್ ಹ್ಯಾಲೊಜೆನ್ ಬಲ್ಬು ಸುಟ್ಟುಹೋಗಿದೆ, ಅದರ ಜಾಗಕ್ಕೆ 100 ವ್ಯಾಟಿನ ಎಲ್‌ಇಡಿ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಎಲ್‌ಇಡಿ ಖಂಡಿತ ಹಾಕಬಹುದು. ಆದರೆ 100 ವ್ಯಾಟಿನದು ಬೇಡ.

ನಾನು ಮೊದಲು ಮಾಡಿದ್ದು ಅದನ್ನೇ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಿಂದ ಬೆಂಕಿಪೊಟ್ಟಣದಷ್ಟು ಅಗಲದ, ನಡುವೆ ಹಳದಿ ಬಿಲ್ಲೆಯಿರುವ ಎಲ್‌ಇಡಿ ತಂದು ಕೂರಿಸಿದೆ. ಕಣ್ಣಿಟ್ಟು ನೋಡಲಾಗದಷ್ಟು ಪ್ರಖರವಾಗಿತ್ತು. ಗೋಡೆಯ ಮೇಲಿನ ಚಿತ್ರ ಮಾತ್ರ ಮುಸ್ಸಂಜೆಯಲ್ಲಿ ತೆಗೆದಂತೆ ಮಂಕು.

ಸೂಪರ್ 8ರ ಒಂದು ಚೌಕಟ್ಟು ಸುಮಾರು 5.8 ಮಿ.ಮೀ. ಅಗಲ, 4 ಮಿ.ಮೀ. ಎತ್ತರ. ಬೆಳಕೆಲ್ಲ ಅಷ್ಟೇ ಅಗಲದ ಕಿಂಡಿಯಲ್ಲಿ, ಅಂದರೆ ಗೇಟಿನಲ್ಲಿ, ತೂರಿ ಮುಂದಿನ ಲೆನ್ಸನ್ನು ಸೇರಬೇಕು. ಹ್ಯಾಲೊಜೆನ್ ಬಲ್ಬಿನ ತಂತಿಸುರುಳಿ ಕೆಲವೇ ಮಿ.ಮೀ. ಉದ್ದವಿರುತ್ತದೆ, ಹಿಂದಿನ ಕನ್ನಡಿ ಅದರ ಬೆಳಕನ್ನು ಗೇಟಿನ ಬಳಿ ಒಟ್ಟುಗೂಡಿಸುತ್ತದೆ. ಆ ಹಳದಿ ಬಿಲ್ಲೆಯ ಎರಡು ಸೆಂ.ಮೀ. ಹರವಿನಿಂದ ಹೊಮ್ಮುವ ಬೆಳಕನ್ನು ಹಾಗೆ ಕುಗ್ಗಿಸಲು ಹೋದರೆ ಕಿರಣಗಳು ವಿಪರೀತ ಕೋನದಲ್ಲಿ ಚೆದರಿ, ಬಹುಪಾಲು ಲೆನ್ಸಿಗೆ ಸಿಗುವುದೇ ಇಲ್ಲ. ಆದ್ದರಿಂದ ಬೆಳಕು ಹೊಮ್ಮುವ ಮುಖ 3ರಿಂದ 5 ಮಿ.ಮೀ. ಇರುವ, 15–20 ವ್ಯಾಟಿನ ಎಲ್‌ಇಡಿ ಹುಡುಕಿ. ಅದರ ಮುಂದೆ ಗಾಜಿನ ಆಸ್ಫೆರಿಕ್ ಲೆನ್ಸ್ (ಬೆಳಕನ್ನು ಚೆನ್ನಾಗಿ ಒಟ್ಟುಗೂಡಿಸುವ, ಪೂರ್ಣ ಗೋಳಾಕಾರವಲ್ಲದ ಉಬ್ಬಿನ ಲೆನ್ಸ್) ಬೇಕು. ನೋಡಲು ಹಳೆಯ ಬಲ್ಬಿನಂತೆಯೇ ಇರುವ, ಅದೇ 50 ಮಿ.ಮೀ. ಕನ್ನಡಿಯ ಶೋಕೇಸ್ ದೀಪವನ್ನು ಅಂಗಡಿಯವರು ಕೊಡಬಹುದು. ಅದರ ಬೆಳಕು ಹರಡುತ್ತದೆ, ಗೇಟಿನಲ್ಲಿ ಕೂಡುವುದಿಲ್ಲ.

ಇನ್ನು ಮಿನುಗು. ನಿಮ್ಮ ಯಂತ್ರ ಸೆಕೆಂಡಿಗೆ 18 ಚೌಕಟ್ಟು ಓಡಿಸುತ್ತಿದ್ದು ಶಟರಿಗೆ (ಬೆಳಕಿಗೆ ಅಡ್ಡ ತಿರುಗುವ ಬಿಲ್ಲೆಗೆ) ಮೂರು ರೆಕ್ಕೆಯಿದ್ದರೆ, ಬೆಳಕು ಸೆಕೆಂಡಿಗೆ 54 ಸಲ ಕಡಿದುಹೋಗುತ್ತದೆ. ನಮ್ಮ 50 ಹರ್ಟ್ಸ್ ಕರೆಂಟನ್ನು ಬರೀ ಡಯೋಡ್ ಬ್ರಿಡ್ಜ್ (ಎ.ಸಿ.ಯ ಎರಡೂ ಅರ್ಧ ಅಲೆಗಳನ್ನು ಬಳಸುವ ನಾಲ್ಕು ಡಯೋಡುಗಳ ಜೋಡಣೆ) ದಾಟಿಸಿ ಎಲ್‌ಇಡಿಗೆ ಕೊಟ್ಟರೆ ಅದು 100 ಸಲ ಮಿಡಿಯುತ್ತದೆ. ಇದು 54ರ ದುಪ್ಪಟ್ಟಾದ 108ಕ್ಕೆ ಹತ್ತಿರ. ಆ ಎಂಟರ ವ್ಯತ್ಯಾಸವೇ ಪರದೆಯ ಮೇಲೆ ಸೆಕೆಂಡಿಗೆ ಎಂಟು ಸಲ ಏರಿಳಿಯುವ ಬೆಳಕಾಗಿ ಕಣ್ಣಿಗೆ ಚುಚ್ಚುತ್ತದೆ. ಹ್ಯಾಲೊಜೆನ್ ತಂತಿ ನಡುವೆ ಆರುವಷ್ಟು ತಣ್ಣಗಾಗುವುದಿಲ್ಲ, ಹಾಗಾಗಿ ಅದಕ್ಕೆ ಈ ಕಾಟವಿರಲಿಲ್ಲ. ಸ್ಥಿರ ಕರೆಂಟಿನ ಡಿ.ಸಿ. ಡ್ರೈವರನ್ನೇ ಬಳಸಿ, ಅದಕ್ಕೆ ಬೇರೆ ಅಡಾಪ್ಟರ್ ಕೊಡಿ. ಕೆಲವು ಯಂತ್ರಗಳಲ್ಲಿ ಬಲ್ಬಿನ ವೋಲ್ಟೇಜು ಮೋಟರಿನ ಸುರುಳಿಯಿಂದಲೇ ಬರುತ್ತದೆ, ಅದನ್ನು ಕೆದಕಬೇಡಿ.

ಬಣ್ಣದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಗಾಢ ಕೆಂಪು ಕಡಿಮೆ. ನಮ್ಮ ಮನೆಯ ಮದುವೆ ರೀಲಿನಲ್ಲಿ ಅಮ್ಮನ ಸೀರೆಯ ಕೆಂಪು ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಹಣೆಯ ಕುಂಕುಮ ಕಪ್ಪು ಚುಕ್ಕೆಯಾಗಿತ್ತು. ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ, 100ರವರೆಗಿನ ಅಳತೆ) 90ಕ್ಕಿಂತ ಹೆಚ್ಚಿರುವ, 3000–4000 ಕೆಲ್ವಿನ್‌ನ ಎಲ್‌ಇಡಿ ಹಾಕಿದ ಮೇಲೆ ಎರಡೂ ಮರಳಿ ಬಂದವು. ಎಲ್‌ಇಡಿಯ ಬೆನ್ನಿಗೆ ಹೀಟ್ ಸಿಂಕ್ (ಶಾಖ ಹೀರುವ ಲೋಹದ ತುಂಡು) ಕಡ್ಡಾಯ. ಯಂತ್ರದ ಫ್ಯಾನು ಓಡುತ್ತಲೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ: ರೀಲುಗಳು ಎಷ್ಟಿವೆ? ಹಳೆಯ ಬಲ್ಬಿನ ಸಂಕೇತ ಇಎಫ್‌ಪಿ ಎಂದಿದ್ದರೆ ಅದರ ಆಯುಸ್ಸು ಸುಮಾರು 50 ಗಂಟೆ. 50 ಅಡಿಯ ರೀಲು ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಂದರೆ ಒಂದು ಬಲ್ಬಿನಲ್ಲಿ 900 ರೀಲು ನೋಡಬಹುದು. ಹತ್ತಿಪ್ಪತ್ತು ರೀಲು ಒಮ್ಮೆ ನೋಡಿದರೆ ಸಾಕು ಎನ್ನುವುದಾದರೆ ಅದೇ ಬಲ್ಬನ್ನು ತರಿಸಿ; ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಮುಖದ ಮೇಲೆ ಫಿಲ್ಮನ್ನು ನಿಲ್ಲಿಸಿ ನೋಡುವ ಆಸೆಯಿದ್ದರೆ ಎಲ್‌ಇಡಿಯೇ ಸರಿ. ಅದರ ಬೆಳಕಿನಲ್ಲಿ ಶಾಖದ ಕಿರಣ ತೀರಾ ಕಡಿಮೆ, ಆದ್ದರಿಂದ ನಿಂತ ಫಿಲ್ಮು ಸುಡುವ ಭಯ ಬಹಳ ತಗ್ಗುತ್ತದೆ.

ಬಲ್ಬಿನ ಕನ್ನಡಿಯ ಅಂಚಿನಿಂದ ಗೇಟಿಗೆ ಎಷ್ಟು ದೂರವಿದೆ ಎಂದು ಅಳೆದು ತಿಳಿಸಿ. ಯಾವ ಲೆನ್ಸ್ ಹೊಂದುತ್ತದೆ ಎಂದು ಹೇಳುತ್ತೇನೆ.