ಬ್ರಸೆಲ್ಸ್‌ನಲ್ಲಿ ಬರೆದ ಕಾನೂನು, ಬೆಲ್‌ಫಾಸ್ಟ್‌ನಲ್ಲಿ ಓದುವ ಸಮಿತಿ

ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟು ಹೊರಬಂದಿದೆ. ಆದರೂ ಉತ್ತರ ಐರ್ಲೆಂಡ್‌ಗೆ ಮಾತ್ರ ಒಕ್ಕೂಟದ ಕಾನೂನುಗಳು ಬರುತ್ತಲೇ ಇವೆಯಂತೆ, ಅವನ್ನು ಅಲ್ಲಿನ ವಿಧಾನಸಭೆಯ ಸಮಿತಿಯೊಂದು ಪರಿಶೀಲಿಸುತ್ತದೆಯಂತೆ. ಆ ಸಮಿತಿ ನಿಜಕ್ಕೂ ಮಾಡುವುದೇನು? ಅದು ಬೇಡವೆಂದರೆ ಕಾನೂನು ನಿಲ್ಲುತ್ತದೆಯೇ? (ರಾಜ್ಯಶಾಸ್ತ್ರದ ವಿದ್ಯಾರ್ಥಿನಿ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಲ್ಲುವುದಿಲ್ಲ. ಆ ಸಮಿತಿಯ ಕೈಯಲ್ಲಿ ಕಾನೂನನ್ನು ತಡೆಯುವ ಅಧಿಕಾರ ಇಲ್ಲವೇ ಇಲ್ಲ. ಅದು ಕೇಳಬಲ್ಲದು, ಕರೆಸಬಲ್ಲದು, ವರದಿ ಬರೆಯಬಲ್ಲದು, ಅಷ್ಟೇ. ಮೂಗು ಮುರಿಯುವ ಮುನ್ನ ಮುಂದಿನದನ್ನೂ ಓದಿ.

ಐರ್ಲೆಂಡ್ ದ್ವೀಪದ ದಕ್ಷಿಣದ ಗಣರಾಜ್ಯ ಐರೋಪ್ಯ ಒಕ್ಕೂಟದ ಸದಸ್ಯ ದೇಶ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ನಡುವಿನ ಗಡಿ ಸುಮಾರು 500 ಕಿಲೋಮೀಟರ್. ದಶಕಗಳ ರಕ್ತಪಾತಕ್ಕೆ 1998ರ ಗುಡ್ ಫ್ರೈಡೇ ಒಪ್ಪಂದ ತೆರೆ ಎಳೆದ ಮೇಲೆ, ಆ ಗಡಿಯಲ್ಲಿ ಮತ್ತೆ ತಪಾಸಣಾ ಠಾಣೆಗಳು ತಲೆ ಎತ್ತಬಾರದು ಎಂದು ಬ್ರಿಟನ್ ಸರ್ಕಾರದ ಲಂಡನ್, ಗಣರಾಜ್ಯದ ಡಬ್ಲಿನ್, ಒಕ್ಕೂಟದ ಕೇಂದ್ರ ಬ್ರಸೆಲ್ಸ್ ಮೂರೂ ಪಟ್ಟು ಹಿಡಿದವು. ಠಾಣೆ ಇಲ್ಲದೆ ಸರಕು ಆಚೀಚೆ ಓಡಾಡಬೇಕಾದರೆ ಎರಡೂ ಕಡೆ ಸರಕಿನ ನಿಯಮ ಒಂದೇ ಆಗಿರಬೇಕು. ಆದ್ದರಿಂದ ಬ್ರೆಕ್ಸಿಟ್ ಒಪ್ಪಂದಕ್ಕೆ ಸೇರಿದ ಪ್ರೋಟೋಕಾಲ್‌ನ, ಅಂದರೆ ಪೂರಕ ಒಪ್ಪಂದದ, ಎರಡನೆಯ ಅನುಬಂಧದಲ್ಲಿ ಒಕ್ಕೂಟದ ಕಾನೂನುಗಳ ಉದ್ದನೆಯ ಪಟ್ಟಿಯೊಂದನ್ನು ಸೇರಿಸಿ, ಇವು ಉತ್ತರ ಐರ್ಲೆಂಡ್‌ಗೆ ಅನ್ವಯಿಸುತ್ತವೆ ಎಂದು ಬರೆದರು. ಔಷಧ, ರಾಸಾಯನಿಕ, ಆಹಾರ, ಯಂತ್ರೋಪಕರಣ ಎಲ್ಲವೂ ಅದರಲ್ಲಿವೆ.

ತಕರಾರು ಹುಟ್ಟಿದ್ದು ಪಟ್ಟಿಯಿಂದಲ್ಲ, ಅದೇ ಪ್ರೋಟೋಕಾಲ್‌ನ ಹದಿಮೂರನೆಯ ವಿಧಿಯ ಮೂರನೆಯ ಕಲಮಿನಿಂದ. ಪಟ್ಟಿಯಲ್ಲಿರುವ ಕಾನೂನಿಗೆ ಬ್ರಸೆಲ್ಸ್ ಮುಂದೆ ತಿದ್ದುಪಡಿ ತಂದರೆ ತಿದ್ದಿದ ರೂಪವೇ ತಾನಾಗಿ ಅನ್ವಯಿಸುತ್ತದೆ ಎಂದು ಅದು ಹೇಳುತ್ತದೆ. ತಿದ್ದುವವರನ್ನು ಆರಿಸಲು ಉತ್ತರ ಐರ್ಲೆಂಡಿನ ಜನರಿಗೆ ಮತವಿಲ್ಲ. ಐರೋಪ್ಯ ಸಂಸತ್ತಿನಲ್ಲಿ ಅವರಿಗೆ ಸದಸ್ಯರಿಲ್ಲ, ಸಚಿವರ ಮಂಡಳಿಯಲ್ಲಿ ಕುರ್ಚಿಯಿಲ್ಲ. ಊಟಕ್ಕೆ ಕೂರಿಸಿ, ಬಡಿಸುವ ಅಡುಗೆ ಏನೆಂದು ಕೇಳುವ ಹಕ್ಕು ಕೊಡದ ಹಾಗೆ.

ಈ ಕೊರತೆ ನೀಗಿಸಲು 2023ರ ಫೆಬ್ರುವರಿ 27ರಂದು ವಿಂಡ್ಸರ್‌ನಲ್ಲಿ ಆಗಿನ ಬ್ರಿಟನ್ ಪ್ರಧಾನಿ ರಿಷಿ ಸುನಕ್ ಮತ್ತು ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡರ್ ಲೇಯೆನ್ ಹೊಸ ಒಪ್ಪಂದ ಪ್ರಕಟಿಸಿದರು. ಅದೇ ವಿಂಡ್ಸರ್ ಚೌಕಟ್ಟು. ಇದರ ಬೆನ್ನಿಗೆ ಬಂದ ನಿಯಮಗಳನ್ನು ಮಾರ್ಚ್ 22ರಂದು ಬ್ರಿಟನ್ನಿನ ಕೆಳಮನೆ 515–29 ಮತಗಳಿಂದ ಒಪ್ಪಿತು. ನೀವು ಕೇಳಿದ ಸಮಿತಿ, ಅಂದರೆ ವಿಂಡ್ಸರ್ ಚೌಕಟ್ಟಿನ ಪ್ರಜಾಸತ್ತಾತ್ಮಕ ಪರಿಶೀಲನಾ ಸಮಿತಿ, ಹುಟ್ಟಿದ್ದು ಆ ನಿಯಮಗಳಿಂದ. ಹುಟ್ಟಿತು ಎನ್ನುವುದೂ ಕಾಗದದ ಮಟ್ಟಿಗೆ ಮಾತ್ರ. ಸ್ಟಾರ್ಮಾಂಟ್ ಎಂದು ಕರೆಯುವ ಬೆಲ್‌ಫಾಸ್ಟಿನ ವಿಧಾನಸಭೆ 2022ರಿಂದ ಸ್ಥಗಿತಗೊಂಡಿತ್ತು. ಅದು ಮತ್ತೆ ಸೇರಿದ್ದು 2024ರ ಫೆಬ್ರುವರಿ 3ರಂದು. ಸುಮಾರು ಒಂದು ವರ್ಷ ಆ ಸಮಿತಿಗೆ ಹೆಸರಿತ್ತು, ಸದಸ್ಯರಿರಲಿಲ್ಲ.

ಇನ್ನು ಕೆಲಸದ ಬಗೆ. ಬ್ರಸೆಲ್ಸ್‌ನಲ್ಲಿ ಕರಡು ಕಾನೂನೊಂದು ಹೊರಬಂದಾಗ ಬ್ರಿಟನ್ ಸರ್ಕಾರ ಅದರ ಮೇಲೆ ವಿವರಣಾ ಟಿಪ್ಪಣಿ ಬರೆಯುತ್ತದೆ: ಕರಡಿನಲ್ಲಿ ಏನಿದೆ, ಉತ್ತರ ಐರ್ಲೆಂಡ್‌ಗೆ ಅದರಿಂದ ಏನಾದೀತು. ಟಿಪ್ಪಣಿ ಸಮಿತಿಯ ಮೇಜಿಗೆ ಬರುತ್ತದೆ. ಸಂಬಂಧಪಟ್ಟ ಇಲಾಖೆಯ ಪ್ರಾಥಮಿಕ ಅಂದಾಜೂ ಬರಬೇಕು. ಅಂದಾಜು ತೆಳುವಾಗಿದ್ದರೆ ಸಮಿತಿ ಪತ್ರ ಬರೆಯುತ್ತದೆ, ಅಧಿಕಾರಿಗಳನ್ನು ಕರೆಸುತ್ತದೆ, ವ್ಯಾಪಾರಿಗಳಿಂದಲೂ ತಯಾರಕರಿಂದಲೂ ಲಿಖಿತ ಅಭಿಪ್ರಾಯ ಕೇಳುತ್ತದೆ. ಕರಡು ಕಾನೂನಾಗಿ ಒಕ್ಕೂಟದ ಅಧಿಕೃತ ಗೆಜೆಟ್‌ನಲ್ಲಿ ಅಚ್ಚಾದ ಮೇಲೆ ಗಡಿಯಾರ ಓಡತೊಡಗುತ್ತದೆ. ಆಕ್ಷೇಪ ಬ್ರಸೆಲ್ಸಿಗೆ ತಲುಪಬೇಕಾದರೆ ಪ್ರಕಟಣೆಯಿಂದ ಎರಡೇ ತಿಂಗಳು. ಪೂರ್ಣ ವಿಚಾರಣೆ ಬೇಕೇ ಎಂದು ತೀರ್ಮಾನಿಸುವುದು, ಸಾಕ್ಷ್ಯ ಕೇಳುವುದು, ವರದಿ ಬರೆಯುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು.

ಬರುವ ಕಾನೂನು ಎರಡು ಬಗೆಯದು. ಈ ವ್ಯತ್ಯಾಸ ಹಿಡಿದರೆ ಉಳಿದದ್ದೆಲ್ಲ ಸಲೀಸು. ಒಂದು, ಪಟ್ಟಿಯಲ್ಲಿ ಆಗಲೇ ಇರುವ ಕಾನೂನನ್ನು ತಿದ್ದುವಂಥದ್ದು ಅಥವಾ ಅದರ ಜಾಗಕ್ಕೆ ಬರುವಂಥದ್ದು. ಇಲ್ಲಿ ಮೌನವೇ ಸಮ್ಮತಿ: ಯಾರೂ ಏನೂ ಮಾಡದಿದ್ದರೆ ಅನ್ವಯಿಸುತ್ತದೆ. ಇನ್ನೊಂದು, ಪಟ್ಟಿಯಲ್ಲಿ ಇಲ್ಲವೇ ಇಲ್ಲದ, ಹೊಚ್ಚ ಹೊಸ ಕಾನೂನು. ಅಲ್ಲಿ ಮೌನವೆಂದರೆ ಅಸಮ್ಮತಿ. ಬ್ರಿಟನ್ ಮತ್ತು ಒಕ್ಕೂಟದ ಜಂಟಿ ಸಮಿತಿ ಒಪ್ಪಿದರಷ್ಟೇ ಅದು ಪಟ್ಟಿಗೆ ಸೇರುತ್ತದೆ. ಬ್ರಿಟನ್ನಿನ ಸಚಿವರು ಅಲ್ಲಿ ಹೂಂಗುಟ್ಟುವ ಮೊದಲು ಸ್ಟಾರ್ಮಾಂಟ್ ‘ಅನ್ವಯ ಗೊತ್ತುವಳಿ’ಯನ್ನು ಅಂಗೀಕರಿಸಬೇಕು. ಬರೀ ಬಹುಮತ ಸಾಲದು. ಬ್ರಿಟನ್ನಿನ ಜೊತೆ ಉಳಿಯಬೇಕೆನ್ನುವ ಯೂನಿಯನಿಸ್ಟರು ಮತ್ತು ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರು, ಎರಡೂ ಬಣಗಳ ಬೆಂಬಲ ಬೇಕು. ಅಸಾಧಾರಣ ಸಂದರ್ಭ ಎದುರಾದರೆ, ಅಥವಾ ಆ ಕಾನೂನಿನಿಂದ ಬ್ರಿಟನ್ನಿನ ಉಳಿದ ಭಾಗದೊಡನೆ ಹೊಸ ನಿಯಮಗಳ ಗಡಿ ಏಳುವುದಿಲ್ಲ ಎಂದಾದರೆ ಮಾತ್ರ ವಿನಾಯಿತಿ.

ಇಂಥ ಗೊತ್ತುವಳಿ ಮೊದಲ ಸಲ ಸದನಕ್ಕೆ ಬಂದದ್ದು 2024ರ ಮಾರ್ಚ್ 19ರಂದು. ವಿಷಯ, ಕರಕುಶಲ ಮತ್ತು ಕೈಗಾರಿಕಾ ಉತ್ಪನ್ನಗಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್). ಗೊತ್ತುವಳಿ ತಂದ ಯೂನಿಯನಿಸ್ಟ್ ಪಕ್ಷವೇ ಅದರ ವಿರುದ್ಧ ಮತ ಹಾಕಿತು! ಬೀಳಿಸಬೇಕಾದರೂ ಮೊದಲು ಎತ್ತಿ ನಿಲ್ಲಿಸಬೇಕಲ್ಲ. ಎರಡೂ ಬಣಗಳ ಬೆಂಬಲ ಸಿಗದೆ ಗೊತ್ತುವಳಿ ಬಿತ್ತು.

ಪ್ರಶ್ನೆ: ‘ಸ್ಟಾರ್ಮಾಂಟ್ ಬ್ರೇಕ್’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಅದನ್ನು ಯಾರಾದರೂ ಒತ್ತಿದ್ದಾರೆಯೇ? (ನಿವೃತ್ತ ಬ್ಯಾಂಕ್ ಅಧಿಕಾರಿ)

ಉತ್ತರ: ಒತ್ತಿದ್ದಾರೆ. ಗಾಡಿ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದೇ ಇದರ ಸ್ವಾರಸ್ಯ.

ಬ್ರೇಕ್ ಇರುವುದು ಮೊದಲ ಬಗೆಯ ಕಾನೂನಿಗೆ, ಅಂದರೆ ತಿದ್ದುಪಡಿಗೆ ಅಥವಾ ಬದಲಿ ಕಾನೂನಿಗೆ. ವಿಧಾನಸಭೆಯಲ್ಲಿ 90 ಸದಸ್ಯರು; ಅಲ್ಲಿಯೂ ಅವರನ್ನು ಎಂಎಲ್ಎ ಎಂದೇ ಕರೆಯುತ್ತಾರೆ. ಕನಿಷ್ಠ ಎರಡು ಪಕ್ಷಗಳಿಗೆ ಸೇರಿದ 30 ಶಾಸಕರು ಸಹಿ ಹಾಕಿ, ಈ ಕಾನೂನನ್ನು ತಡೆಹಿಡಿಯಿರಿ ಎಂದು ಬ್ರಿಟನ್ ಸರ್ಕಾರಕ್ಕೆ ಸೂಚನೆ ಕೊಡಬಹುದು. ಇದಕ್ಕೆ ಎರಡೂ ಬಣಗಳ ಒಪ್ಪಿಗೆ ಬೇಕಿಲ್ಲ, ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ. ಆದರೆ ಸಹಿ ಬಿದ್ದೊಡನೆ ಕೆಲಸ ಮುಗಿಯುವುದಿಲ್ಲ. ಇದು ಕೊನೆಯ ಅಸ್ತ್ರ, ಉಳಿದ ದಾರಿಗಳನ್ನೆಲ್ಲ ನೋಡಿಯಾಗಿದೆ ಎಂದು ತೋರಿಸಬೇಕು. ಆಮೇಲೆ ಎರಡು ಷರತ್ತು. ಹೊಸ ಕಾನೂನು ಹಳೆಯದಕ್ಕಿಂತ ವಿಷಯದಲ್ಲಾಗಲಿ ವ್ಯಾಪ್ತಿಯಲ್ಲಾಗಲಿ ಗಣನೀಯವಾಗಿ ಬೇರೆಯಾಗಿರಬೇಕು. ಉತ್ತರ ಐರ್ಲೆಂಡಿನ ಸಮುದಾಯಗಳ ದೈನಂದಿನ ಬದುಕಿನ ಮೇಲೆ ಅದು, ಆ ಪ್ರದೇಶಕ್ಕೇ ನಿರ್ದಿಷ್ಟವಾದ, ಗಣನೀಯವಾದ, ಮುಂದೆಯೂ ಉಳಿಯಬಹುದಾದ ಪರಿಣಾಮ ಬೀರುವಂತಿರಬೇಕು. ಇವು ಈಡೇರಿವೆಯೇ ಎಂದು ತೂಗುವುದು ಲಂಡನ್.

2024ರ ನವೆಂಬರ್ 20ರಂದು ಒಕ್ಕೂಟದ ಗೆಜೆಟ್‌ನಲ್ಲಿ 2024/2865 ಸಂಖ್ಯೆಯ ಕಾನೂನು ಪ್ರಕಟವಾಯಿತು. ರಾಸಾಯನಿಕಗಳನ್ನು ವರ್ಗೀಕರಿಸುವ, ಅವುಗಳಿಗೆ ಲೇಬಲ್ ಅಂಟಿಸುವ, ಪೊಟ್ಟಣ ಕಟ್ಟುವ ಹಳೆಯ ನಿಯಮಕ್ಕೆ ಅದು ತಿದ್ದುಪಡಿ. ಅದರೊಳಗೊಂದು ಪುಟ್ಟ ಕೋಷ್ಟಕವಿದೆ. ಅರ್ಧ ಲೀಟರಿನವರೆಗಿನ ಡಬ್ಬಿಯ ಲೇಬಲ್ಲಿನಲ್ಲಿ ಅಕ್ಷರದ ಎತ್ತರ ಕನಿಷ್ಠ 1.2 ಮಿಲಿಮೀಟರ್, ಮೂರು ಲೀಟರಿನವರೆಗೆ 1.4. ಅಳೆಯುವುದು ಸಣ್ಣ ‘ಎಕ್ಸ್’ ಅಕ್ಷರದ ಎತ್ತರವನ್ನು. ಸಣ್ಣದೊಂದು ಸಾಸಿವೆ ಕಾಳಿನಷ್ಟು ಎಂದಿಟ್ಟುಕೊಳ್ಳಿ. ಬಣ್ಣ, ಅಂಟು, ಶುಚಿಕಾರಕ ದ್ರಾವಣ ಇವುಗಳ ಎಚ್ಚರಿಕೆ ಚೀಟಿಯ ಮೇಲಿನ ಸಾಸಿವೆಯಷ್ಟು ಅಕ್ಷರದಿಂದ ಸಂವಿಧಾನದ ಬ್ರೇಕ್ ಮೊದಲ ಬಾರಿಗೆ ಎಳೆಸಿಕೊಂಡಿತು.

ನಗುವ ವಿಷಯವಲ್ಲ. ಇಂಗ್ಲೆಂಡಿನ ತಯಾರಕನಿಗೆ ಉತ್ತರ ಐರ್ಲೆಂಡ್ ಚಿಕ್ಕ ಮಾರುಕಟ್ಟೆ, 2021ರ ಜನಗಣತಿಯ ಪ್ರಕಾರ ಸುಮಾರು 19 ಲಕ್ಷ ಜನ. ಅಷ್ಟಕ್ಕೆ ಬೇರೆ ಲೇಬಲ್ ಅಚ್ಚು ಹಾಕಿಸುವ ಬದಲು ಅತ್ತ ಸರಕು ಕಳಿಸುವುದನ್ನೇ ನಿಲ್ಲಿಸಿದರೆ? ಯೂನಿಯನಿಸ್ಟರ ಭಯ ಅದು. ಡಿಸೆಂಬರ್‌ನಲ್ಲಿ ಅವರು ಸೂಚನೆ ಕೊಟ್ಟರು. ಉತ್ತರ ಐರ್ಲೆಂಡ್ ವ್ಯವಹಾರಗಳ ಸಚಿವ ಹಿಲರಿ ಬೆನ್ 2025ರ ಜನವರಿ 20ರಂದು, ಎರಡು ತಿಂಗಳು ತುಂಬುವ ದಿನವೇ, ಷರತ್ತು ಈಡೇರಿಲ್ಲ ಎಂದು ಉತ್ತರಿಸಿದರು. ಜೊತೆಗೇ, ಬ್ರಿಟನ್ನಿನೊಳಗೆ ಹೊಸ ನಿಯಮಗಳ ಅಡ್ಡಗೋಡೆ ಏಳದಂತೆ ನೋಡಿಕೊಳ್ಳುವುದಾಗಿ, ಇಡೀ ದೇಶಕ್ಕೆ ಒಂದೇ ಲೇಬಲ್ ಪದ್ಧತಿ ತರುವ ಬಗ್ಗೆ ಸಮಾಲೋಚನೆ ನಡೆಸುವುದಾಗಿ ಮಾತು ಕೊಟ್ಟರು.

ಬ್ರೇಕ್ ಹಿಡಿದಿದ್ದರೆ ಏನಾಗುತ್ತಿತ್ತು? ಲಂಡನ್ ಬ್ರಸೆಲ್ಸಿಗೆ ಸೂಚನೆ ಕೊಟ್ಟು ಎರಡು ವಾರದಲ್ಲಿ ತಿದ್ದುಪಡಿ ಉತ್ತರ ಐರ್ಲೆಂಡಿನ ಮಟ್ಟಿಗೆ ಸ್ತಬ್ಧವಾಗುತ್ತಿತ್ತು. ಹಳೆಯ ರೂಪ ಮುಂದುವರಿಯುತ್ತಿತ್ತು. ವಿಷಯ ಜಂಟಿ ಸಮಿತಿಗೆ ಹೋಗುತ್ತಿತ್ತು, ಜಗಳ ಬಿದ್ದರೆ ಪಂಚಾಯ್ತಿ ಮಂಡಳಿಗೆ. ಒಪ್ಪಂದ ಆಗದಿದ್ದರೆ ಒಕ್ಕೂಟವೂ ಪ್ರತಿಕ್ರಮ ಕೈಗೊಳ್ಳಬಹುದು. ಬ್ರೇಕ್ ಒತ್ತುವುದು ಪುಕ್ಕಟೆಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎಡವಿದ್ದು ‘ನಿರ್ದಿಷ್ಟ’ ಎಂಬ ಪದದಲ್ಲಿ. ದೊಡ್ಡ ಅಕ್ಷರದಿಂದ ಖರ್ಚು ಹೆಚ್ಚುತ್ತದೆ ಎಂದು ತೋರಿಸುವುದು ಸುಲಭ. ಆದರೆ ಆ ಖರ್ಚು ಫ್ರಾನ್ಸಿನ ತಯಾರಕನಿಗೂ ಹೆಚ್ಚುತ್ತದೆ. ಉತ್ತರ ಐರ್ಲೆಂಡಿನ ಮನೆಗೆ ಮಾತ್ರ ತಟ್ಟುವ ಪೆಟ್ಟು ಯಾವುದು, ಯಾವ ಅಂಗಡಿಯ ಯಾವ ಡಬ್ಬಿ ಕಾಣೆಯಾಗುತ್ತದೆ ಎಂದು ಎರಡೇ ತಿಂಗಳಲ್ಲಿ ರುಜುವಾತು ಮಾಡುವುದು ಬಲು ಕಷ್ಟ. ಬ್ರಸೆಲ್ಸೇ 2025ರಲ್ಲಿ ಆ ಲೇಬಲ್ ನಿಯಮಗಳನ್ನು 2028ಕ್ಕೆ ಮುಂದೂಡಿತು ಎಂಬುದು ಬೇರೆ ಮಾತು!

ಪ್ರಶ್ನೆ: ಹಾಗಾದರೆ ಸಮಿತಿ ಇದ್ದೂ ಇಲ್ಲದಂತೆಯೇ? (ವಕೀಲರೊಬ್ಬರು)

ಉತ್ತರ: ಬ್ರೇಕಿನ ಲೆಕ್ಕದಲ್ಲಿ ಅಳೆದರೆ ಹಾಗೇ ಕಾಣುತ್ತದೆ. ಅಳತೆಗೋಲನ್ನು ಬದಲಾಯಿಸಿ ಎನ್ನುತ್ತೇನೆ. ಹಲ್ಲಿನ ಪ್ರಕರಣ ನೋಡಿ. ಹುಳುಕು ಹಲ್ಲಿನ ಕುಳಿಗೆ ತುಂಬುವ ಬೆಳ್ಳಿ ಬಣ್ಣದ ಅಮಾಲ್ಗಂನಲ್ಲಿ ತೂಕದ ಅರ್ಧದಷ್ಟು ಪಾದರಸ. ಅದರ ಬಳಕೆಗೆ 2025ರ ಜನವರಿ 1ರಿಂದ ತಡೆ ಹಾಕಲು ಒಕ್ಕೂಟ ತೀರ್ಮಾನಿಸಿತು. ತಿದ್ದಿದ್ದು ಪಾದರಸದ ಕಾನೂನನ್ನು, ಅದೂ ಪಟ್ಟಿಯಲ್ಲಿದ್ದದ್ದೇ. ಸರ್ಕಾರಿ ದಂತ ಚಿಕಿತ್ಸೆ ಉತ್ತರ ಐರ್ಲೆಂಡಿನಲ್ಲಿ ಅಮಾಲ್ಗಂ ಅನ್ನೇ ನೆಚ್ಚಿಕೊಂಡಿತ್ತು. ದಂತವೈದ್ಯರ ಸಂಘ ಮುಂಚಿತವಾಗಿಯೇ ದನಿ ಎತ್ತಿತು. 2024ರ ಜುಲೈನಲ್ಲಿ ಐರೋಪ್ಯ ಆಯೋಗ ಉತ್ತರ ಐರ್ಲೆಂಡಿಗೆ 2034ರ ಕೊನೆಯವರೆಗೆ ಸಡಿಲಿಕೆ ಕೊಟ್ಟಿತು. ಬ್ರೇಕ್ ಒತ್ತುವ ಪ್ರಮೇಯವೇ ಬರಲಿಲ್ಲ.

ಈ ಸಡಿಲಿಕೆಯನ್ನು ಸಮಿತಿಯ ಗೆಲುವು ಎಂದು ನಾನು ಬರೆಯುವುದಿಲ್ಲ, ಹಲವರು ದನಿಗೂಡಿಸಿದ ಫಲ ಅದು. ಆದರೆ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಲ್ಲಿನ ವಿಷಯದಲ್ಲಿ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು: ಯಾವ ಚಿಕಿತ್ಸೆ, ಯಾವ ರೋಗಿ, ಯಾವ ದಿನದಿಂದ. ಲೇಬಲ್ಲಿನ ವಿಷಯದಲ್ಲಿ ಇದ್ದದ್ದು ಬಹುಮಟ್ಟಿಗೆ ಆತಂಕ. ಆತಂಕವನ್ನು ಅಂಕಿಅಂಶವಾಗಿ ಮಾರ್ಪಡಿಸುವ ಜಾಗವೇ ಸಮಿತಿ. ಆ ಕೆಲಸ ಕರಡಿನ ಹಂತದಲ್ಲೇ ಶುರುವಾಗಬೇಕು. ಗೆಜೆಟ್‌ನಲ್ಲಿ ಅಚ್ಚಾದ ಮೇಲೆ ಇಲಾಖೆಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂತರೆ ಎರಡು ತಿಂಗಳು ಅಂಚೆಯಲ್ಲೇ ಕಳೆಯುತ್ತದೆ.

ಒಂದು ಮಿತಿಯನ್ನು ಮರೆಯಬಾರದು. ಮೌಲ್ಯವರ್ಧಿತ ತೆರಿಗೆ, ಅಬಕಾರಿ ಸುಂಕ, ವಿದ್ಯುತ್ ಮಾರುಕಟ್ಟೆ, ಸರ್ಕಾರಿ ಸಹಾಯಧನ ಇವುಗಳ ಐರೋಪ್ಯ ನಿಯಮಗಳೂ ಆ ಪ್ರದೇಶಕ್ಕೆ ಅನ್ವಯಿಸುತ್ತವೆ, ಆದರೆ ಬ್ರೇಕಿನ ವ್ಯಾಪ್ತಿಗೆ ಬರುವುದಿಲ್ಲ. ಸಮಿತಿಯೊಳಗೂ ಯೂನಿಯನಿಸ್ಟರು, ನ್ಯಾಷನಲಿಸ್ಟರು ಇದ್ದಾರೆ. ಅಕ್ಷರದ ಗಾತ್ರದ ಚರ್ಚೆ ಎಷ್ಟು ಹೊತ್ತಿಗೆ ದೇಶ ಯಾರದು ಎಂಬ ಚರ್ಚೆಗೆ ಹೊರಳೀತು ಎಂದು ಹೇಳಲಾಗದು.

ಪ್ರಶ್ನೆ: ಇಂಥ ವಿವರಣಾ ಟಿಪ್ಪಣಿಯನ್ನು ಓದಿ ಪ್ರಬಂಧ ಬರೆಯಬೇಕಾಗಿದೆ. ಎಲ್ಲಿಂದ ಆರಂಭಿಸಲಿ? (ಮತ್ತೊಬ್ಬ ವಿದ್ಯಾರ್ಥಿ)

ಉತ್ತರ: ಮೊದಲ ಪುಟದಿಂದ ಬೇಡ, ನಿದ್ದೆ ಬರುತ್ತದೆ. ಮೊದಲು ಇದು ತಿದ್ದುಪಡಿಯೋ ಹೊಸ ಕಾನೂನೋ ಎಂದು ನೋಡಿ. ಮೌನದ ಅರ್ಥ ಅದರಿಂದಲೇ ತಿಳಿಯುತ್ತದೆ. ಆಮೇಲೆ ಪ್ರಕಟಣೆಯ ದಿನಾಂಕ ಬರೆದುಕೊಂಡು, ಅದರ ಪಕ್ಕದಲ್ಲಿ ಎರಡು ತಿಂಗಳ ನಂತರದ ದಿನಾಂಕವನ್ನೂ ಬರೆಯಿರಿ. ಬಳಿಕ ಪರಿಣಾಮದ ಭಾಗಕ್ಕೆ ಹೋಗಿ. ಅಲ್ಲಿ ‘ಗಣನೀಯ ಪರಿಣಾಮ ನಿರೀಕ್ಷಿಸಿಲ್ಲ’ ಎಂಬಂಥ ವಾಕ್ಯ ಸಿಕ್ಕರೆ ಅದಕ್ಕೆ ಅಡಿಗೆರೆ ಎಳೆದು, ಹಾಗೆ ಬರೆಯುವ ಮುನ್ನ ಇಲಾಖೆ ಯಾರನ್ನು ಕೇಳಿದೆ ಎಂದು ಹುಡುಕಿ. ಯಾರ ಹೆಸರೂ ಇಲ್ಲದಿದ್ದರೆ ನಿಮ್ಮ ಪ್ರಬಂಧದ ಮೊದಲ ಅಧ್ಯಾಯ ಅಲ್ಲೇ ಇದೆ.