ಡೇವಿಡ್ ಲೀನ್: ಸಂಕಲನದ ಮೇಜಿನಿಂದ ಬಂದ ನಿರ್ದೇಶಕ

ಮಾನ್ಯರೇ,

ರಾಮನಗರದ ಬಂಡೆಗಳ ಕುರಿತ ನಮ್ಮ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಅಲ್ಲಿ ಚಿತ್ರೀಕರಣ ನಡೆಸಿದ ಡೇವಿಡ್ ಲೀನ್ ವಿಶಾಲವಾದ ನೋಟಗಳನ್ನು ತೋರಿಸಿದ್ದು ಬಿಟ್ಟರೆ ಸಾಧಿಸಿದ್ದೇನು, ಹದಿನಾರೇ ಚಿತ್ರಗಳ ನಿರ್ದೇಶಕರಿಗೆ ಇಷ್ಟು ದೊಡ್ಡ ಹೆಸರೇಕೆ ಎಂದು ಕೇಳಿದ್ದೀರಿ. ಅವರ ಹೆಸರನ್ನಷ್ಟೇ ಹೇಳಿ ಮುಂದೆ ಸಾಗಿದ್ದು ನಮ್ಮ ಲೋಪ.

ಲೀನ್ ಮೂಲತಃ ಸಂಕಲನಕಾರರು, ಅಂದರೆ ಚಿತ್ರೀಕರಿಸಿದ ತುಣುಕುಗಳನ್ನು ಕತ್ತರಿಸಿ ಜೋಡಿಸುವವರು. 1908ರಲ್ಲಿ ಲಂಡನ್ನಿಗೆ ಹತ್ತಿರದ ಕ್ರಾಯ್ಡನ್‌ನಲ್ಲಿ, ಮಕ್ಕಳು ಸಿನಿಮಾ ನೋಡುವುದನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬದಲ್ಲಿ ಹುಟ್ಟಿದ ಅವರು, 1927ರಲ್ಲಿ ಗೋಮಾಂಟ್ ಸ್ಟುಡಿಯೋ ಸೇರಿ, ಚಹಾ ತಂದುಕೊಡುವ, ಕ್ಲ್ಯಾಪ್ ಹಿಡಿಯುವ ಕೆಲಸಗಳಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಸಂಕಲನದ ಮೇಜಿಗೆ ಬಂದರು. ನಿರ್ದೇಶನಕ್ಕೆ ಇಳಿದದ್ದು 1942ರಲ್ಲಿ, ನಾಟಕಕಾರ ನೋಯೆಲ್ ಕವರ್ಡ್ ಅವರ ಜೊತೆಯಾಗಿ.

1945ರ ‘ಬ್ರೀಫ್ ಎನ್‌ಕೌಂಟರ್’ ಚಿತ್ರದಲ್ಲಿ ನೀವು ಹೇಳುವ ವಿಶಾಲ ನೋಟ ಒಂದೂ ಇಲ್ಲ. ರೈಲು ನಿಲ್ದಾಣದ ಉಪಾಹಾರ ಕೋಣೆಯಲ್ಲಿ ಪರಿಚಯವಾದ ವಿವಾಹಿತೆ ಮತ್ತು ವೈದ್ಯ, ಇಬ್ಬರೂ ಬೀಳ್ಕೊಡುವ ದೃಶ್ಯದಿಂದಲೇ ಚಿತ್ರ ತೊಡಗುತ್ತದೆ. ಮಾತಿನಮಲ್ಲಿಯಾದ ಪರಿಚಿತೆಯೊಬ್ಬಳು ನಡುವೆ ಬಂದು ಕೂರುತ್ತಾಳೆ. ವೈದ್ಯ ವಿವಾಹಿತೆಯ ಭುಜವನ್ನು ಒಮ್ಮೆ ಒತ್ತಿ ಹೊರಟುಹೋಗುತ್ತಾನೆ. ನಮಗೆ ಅದು ಏನೂ ಅನ್ನಿಸುವುದಿಲ್ಲ. ಕೊನೆಯಲ್ಲಿ ಅದೇ ಗಳಿಗೆ ಮರಳಿ ಬಂದಾಗ, ಎಲ್ಲವನ್ನೂ ತಿಳಿದ ನಮಗೆ ಆ ಕೈಯ ಭಾರ ಸಹಿಸಲಾಗದು. ಯಾವ ದೃಶ್ಯ ಎಲ್ಲಿರಬೇಕೆಂಬುದನ್ನು ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು.

‘ಲಾರೆನ್ಸ್ ಆಫ್ ಅರೇಬಿಯಾ’ದ (1962) ಮರುಭೂಮಿಯ ಬೆರಗೂ ಹೀಗೆಯೇ ಹುಟ್ಟಿತು. ಉರಿಯುವ ಬೆಂಕಿಕಡ್ಡಿಯನ್ನು ನಾಯಕ ಊದಿದೊಡನೆ ಸೂರ್ಯೋದಯಕ್ಕೆ ಮುಂಚಿನ ದಿಗಂತ ತೆರೆದುಕೊಳ್ಳುತ್ತದೆ. ಚಿತ್ರಕಥೆಯಲ್ಲಿ ಒಂದು ದೃಶ್ಯ ಇನ್ನೊಂದರಲ್ಲಿ ನಿಧಾನವಾಗಿ ಕರಗಬೇಕೆಂದಿತ್ತು. ಸಂಕಲನಕಾರ್ತಿ ಆನ್ ಕೋಟ್ಸ್ ಮತ್ತು ಲೀನ್ ಎರಡನ್ನೂ ನೇರವಾಗಿ ಜೋಡಿಸಿದ್ದನ್ನು ನೋಡಿ ಹಾಗೆಯೇ ಉಳಿಸಿಕೊಂಡರು. ಆ ಚಿತ್ರಕ್ಕೂ, ಶ್ರೀಲಂಕಾದಲ್ಲಿ ತೆಗೆದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್‌’ಗೂ (1957) ತಲಾ ಏಳು ಆಸ್ಕರ್‌ಗಳು ಬಂದವು.

1970ರ ‘ರಯಾನ್ಸ್ ಡಾಟರ್’ ಚಿತ್ರವನ್ನು ವಿಮರ್ಶಕರು ಕಟುವಾಗಿ ಟೀಕಿಸಿದಾಗ ಲೀನ್ ತೀವ್ರವಾಗಿ ನೊಂದರು. ಮುಂದಿನ ಚಿತ್ರ ಬರಲು ಹದಿನಾಲ್ಕು ವರ್ಷಗಳೇ ಬೇಕಾದವು. ಅದೇ ‘ಎ ಪ್ಯಾಸೇಜ್ ಟು ಇಂಡಿಯಾ’. ಚಿತ್ರಕ್ಕೆ ಆಧಾರವಾದ ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯ ಗುಹೆಗಳಿಗೆ ಮಾದರಿಯಾದ ಬಿಹಾರದ ಬರಾಬರ್ ಬೆಟ್ಟಗಳು ಅವರಿಗೆ ಹಿಡಿಸದೆ, ನಮ್ಮ ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳನ್ನು ಆರಿಸಿಕೊಂಡರು. ಎಪ್ಪತ್ತೈದು ದಾಟಿದ್ದ ಅವರು ಆ ಚಿತ್ರದ ಸಂಕಲನವನ್ನೂ ತಾವೇ ಮಾಡಿದರು. ಅದೇ ಅವರ ಕೊನೆಯ ಚಿತ್ರವಾಯಿತು. ಮತ್ತೊಂದರ ಸಿದ್ಧತೆಯಲ್ಲಿದ್ದಾಗಲೇ, 1991ರಲ್ಲಿ, ತೀರಿಕೊಂಡರು.

ದಯವಿಟ್ಟು ‘ಬ್ರೀಫ್ ಎನ್‌ಕೌಂಟರ್’ ನೋಡಿ, ನಿಮ್ಮ ಅಭಿಪ್ರಾಯವನ್ನು ಮತ್ತೆ ಬರೆಯಿರಿ. ಅದನ್ನು ಪ್ರಕಟಿಸುತ್ತೇವೆ.

– ಸಂಪಾದಕ